ಹಳೆಯ ವರ್ಕ್‌ಸ್ಟೇಷನ್ ಪರದೆಗೆ ಗಣಕಯಂತ್ರವನ್ನು ಜೋಡಿಸುವ ಬಗೆ

ಲೇಖಕರು: ಶಾಲೆಯ ಮುಖ್ಯೋಪಾಧ್ಯಾಯರು, ಬಿ.ಎ., ಬಿ.ಟಿ.

ಪೀಠಿಕೆ

ನಮ್ಮ ಶಾಲೆಯ ಗಣಕ ಕೊಠಡಿಯ ಗೋಡೆಯ ಮೇಲೆ ಮೊಳೆಯೊಂದಕ್ಕೆ ತೂಗುಹಾಕಿದ ಗಿಡ್ಡ ಕೇಬಲ್ ಒಂದನ್ನು ವಿದ್ಯಾರ್ಥಿಗಳೆಲ್ಲರೂ ಕಂಡಿರುವರು. ಅದರ ಒಂದು ತುದಿಯಲ್ಲಿ ಹದಿನೈದು ಪಿನ್ನುಗಳುಳ್ಳ ನೀಲಿ ಬಣ್ಣದ ಕನೆಕ್ಟರ್ ಇದೆ. ಇನ್ನೊಂದು ತುದಿಯ ಕನೆಕ್ಟರ್ ಅಗಲವಾದದ್ದು. ಅದರಲ್ಲಿ ಮೂರು ದಪ್ಪ ಕಣ್ಣುಗಳೂ ಹತ್ತು ಸಣ್ಣ ಪಿನ್ನುಗಳೂ ಇವೆ. ನಡುವೆ ಪ್ಲಾಸ್ಟಿಕಿನ ಸಾಬೂನು ಪೆಟ್ಟಿಗೆ. "ಇದೇನು ಸರ್?" ಎಂದು ಹೊಸದಾಗಿ ಶಾಲೆಗೆ ಸೇರಿದ ಮಕ್ಕಳು ಪ್ರತಿ ವರ್ಷವೂ ಕೇಳುತ್ತಾರೆ. ಗಂಟೆ ಬಾರಿಸುವ ಅವಸರದಲ್ಲಿ ಆ ಪ್ರಶ್ನೆಗೆ ತಕ್ಕ ಉತ್ತರವನ್ನು ಹೇಳಲು ನಮಗೆ ಎಂದೂ ಸಾಧ್ಯವಾಗಿಲ್ಲ. ಆದುದರಿಂದ ಸಂಘದ ಈ ವಾರ್ಷಿಕ ಸಂಚಿಕೆಯಲ್ಲಿ ಅದನ್ನು ಸಾವಕಾಶವಾಗಿ ಬರೆಯಲು ಮನಸ್ಸು ಮಾಡಿದ್ದೇವೆ.

ಇದು ಒಂದು ಪಾಠವೂ ಹೌದು, ನಮ್ಮ ತಪ್ಪೊಂದರ ಒಪ್ಪಿಗೆಯೂ ಹೌದು. ನಾವು ವಿಜ್ಞಾನದ ಪದವೀಧರರಲ್ಲ. ಇತಿಹಾಸ ಮತ್ತು ಕನ್ನಡವನ್ನು ಓದಿ ಶಿಕ್ಷಕ ವೃತ್ತಿಗೆ ಬಂದವರು. ಇಲ್ಲಿ ಹೇಳುವ ವಿಷಯವನ್ನು ಮೊದಲು ಕೆಡಿಸಿ, ಅನಂತರ ಕಲಿತೆವು. ಓದುಗರು ಆ ಕ್ರಮವನ್ನು ಅನುಸರಿಸಬೇಕಾಗಿಲ್ಲ.

ಎರಡು ಪರದೆಗಳ ಕಥೆ

2009ನೆಯ ಇಸವಿಯ ಮಾತು. ಆಗ ನಾವು ಈ ಶಾಲೆಯಲ್ಲಿ ಸಹಶಿಕ್ಷಕರಾಗಿದ್ದೆವು. ಗಣಕ ಕೊಠಡಿಯಲ್ಲಿ ಒಂದೇ ಯಂತ್ರ, ಅದಕ್ಕೊಂದು ಹದಿನಾಲ್ಕು ಅಂಗುಲದ ಪರದೆ. ಅದರ ಮುಂದೆ ಮೂವತ್ತಾರು ಮಕ್ಕಳು. ಮುಂದಿನ ಸಾಲಿನವರಿಗೆ ಕಂಡದ್ದು ಹಿಂದಿನ ಸಾಲಿನವರಿಗೆ ಕಾಣುತ್ತಿರಲಿಲ್ಲ. ಕನ್ನಡದ ಅಕ್ಷರಗಳಂತೂ ಆ ಪರದೆಯ ಮೇಲೆ ಮಸಕಾಗಿ ಮೂಡುತ್ತಿದ್ದವು. ಒತ್ತಕ್ಷರಗಳು ಒಂದಕ್ಕೊಂದು ಅಂಟಿಕೊಂಡು, 'ತ್ತ' ಯಾವುದು 'ತ್ರ' ಯಾವುದು ಎಂದು ತಿಳಿಯದಂತಾಗುತ್ತಿತ್ತು. ಹೊಸ ದೊಡ್ಡ ಪರದೆಯನ್ನು ಕೊಳ್ಳುವ ಶಕ್ತಿ ಸಂಘಕ್ಕೆ ಇರಲಿಲ್ಲ. ಬಂದರಿನಲ್ಲಿಯೂ ಬಾರ್ಜುಗಳಲ್ಲಿಯೂ ಕಟ್ಟಡದ ಕೆಲಸದಲ್ಲಿಯೂ ದುಡಿಯುವ ಕನ್ನಡಿಗರು ಕೊಟ್ಟ ಹತ್ತು ಇಪ್ಪತ್ತು ರೂಪಾಯಿಗಳಿಂದ ಬೆಳೆದ ಸಂಘವಿದು.

ಅಂಥ ಸಮಯದಲ್ಲಿ ವಾಸ್ಕೋ ಪೇಟೆಯ ಗುಜರಿ ಅಂಗಡಿಯೊಂದರಲ್ಲಿ ಇಪ್ಪತ್ತು ಅಂಗುಲದ ಎರಡು ಮಾನಿಟರುಗಳು ಕಣ್ಣಿಗೆ ಬಿದ್ದವು. ಯಾವುದೋ ಹರಾಜಿನಲ್ಲಿ ಬಂದ ಸಾಮಾನು. ಎರಡೂ ಒಂದೇ ಮಾದರಿಯವು. ಒಂದೊಂದನ್ನು ಎತ್ತಲು ಇಬ್ಬರು ಬೇಕು. ಬೆಲೆ ಎರಡಕ್ಕೂ ಸೇರಿ ಒಂಬತ್ತು ನೂರು ರೂಪಾಯಿ. ಸಂಘದ ಕೋಶಾಧ್ಯಕ್ಷರಿಂದ ಹಣ ಪಡೆದು, ಹಮಾಲರಿಂದ ಹೊರಿಸಿ, ಸಡಾದ ಗುಡ್ಡವನ್ನು ಏರಿಸಿ ತಂದೆವು. ಹಿಂಬದಿಯ ಕನೆಕ್ಟರ್ ನಮ್ಮ ಯಂತ್ರಕ್ಕೆ ಹೊಂದುವಂತಿರಲಿಲ್ಲ. ಪೇಟೆಯಲ್ಲಿ ವಿಚಾರಿಸಿ ಒಂದು ಸಿದ್ಧ ಅಡಾಪ್ಟರನ್ನು ತಂದೆವು. ಅದು ಎರಡೂ ಕಡೆ ಸರಿಯಾಗಿ ಕುಳಿತುಕೊಂಡಿತು. ಕುಳಿತ ಮೇಲೆ ಇನ್ನೇನು ಎಂದು ಗುಂಡಿ ಒತ್ತಿದೆವು.

ಮಾನಿಟರು ಮೊದಲು ಸಿಳ್ಳೆ ಹಾಕಿದಂತೆ ತೆಳ್ಳಗೆ ಕೂಗಿತು. ಪರದೆಯ ಮೇಲೆ ಓರೆಯಾದ ಗೆರೆಗಳು ಮೂಡಿ ಅಲುಗಾಡಿದವು. "ಸ್ವಲ್ಪ ತಡೆಯಿರಿ, ಸರಿಹೋಗುತ್ತದೆ" ಎಂದು ಮಕ್ಕಳಿಗೆ ಹೇಳಿದೆವು. ಅರ್ಧ ನಿಮಿಷದಲ್ಲಿ ಒಳಗೆ 'ಟಪ್' ಎಂದು ಸಪ್ಪಳವಾಯಿತು, ಸುಟ್ಟ ವಾಸನೆ ಬಂದಿತು, ಪರದೆ ಕಪ್ಪಾಯಿತು. ಆ ಮಾನಿಟರು ಮತ್ತೆಂದೂ ಬೆಳಗಲಿಲ್ಲ. ಸಂಘದ ನಾಲ್ಕು ನೂರೈವತ್ತು ರೂಪಾಯಿ ನಮ್ಮ ಕಣ್ಣೆದುರಿಗೇ ಹೊಗೆಯಾಯಿತು.

ಅಂದು ತರಗತಿಯಲ್ಲಿದ್ದ ಎಂಟನೆಯ ಇಯತ್ತೆಯ ಹುಡುಗನೊಬ್ಬನ ತಂದೆ ಜುವಾರಿ ನದಿಯ ಅದಿರಿನ ಬಾರ್ಜಿನಲ್ಲಿ ಇಲೆಕ್ಟ್ರಿಷಿಯನ್ ಆಗಿದ್ದರು. ಮಗನಿಂದ ಸಂಗತಿಯನ್ನು ಕೇಳಿ ಮಾರನೆಯ ದಿನ ಸಂಜೆ ಶಾಲೆಗೆ ಬಂದರು. ಸತ್ತ ಮಾನಿಟರಿನ ಬೆನ್ನನ್ನು ಒರೆಸಿ, ಅಲ್ಲಿದ್ದ ತಗಡಿನ ಪಟ್ಟಿಯನ್ನು ಬೆರಳಿನಿಂದ ತೋರಿಸಿ, "ಸರ, ಮೋಟಾರಿಗೆ ಪಟ್ಟಿ ಇರತೈತ್ರಿ. ಅದನ್ನ ಓದದ ನಾವು ಕರೆಂಟ್ ಕೊಡೂದಿಲ್ರಿ. ಇದಕ್ಕೂ ಪಟ್ಟಿ ಐತಿ ನೋಡ್ರಿ" ಎಂದರು. ಅಷ್ಟೇ ಹೇಳಿದರು, ಹೆಚ್ಚಿಗೆ ಆಡಲಿಲ್ಲ. ಓದು ಕಲಿಸುವ ನಾವು ಓದದೆ ಇದ್ದುದನ್ನು ಅವರು ತೋರಿಸಿಕೊಟ್ಟರು. ಎರಡನೆಯ ಮಾನಿಟರು ಉಳಿದದ್ದು ಆ ಮಾತಿನಿಂದ.

ವರ್ಕ್‌ಸ್ಟೇಷನ್ ಎಂದರೇನು?

ಮನೆ ಕಚೇರಿಗಳ ಸಾಧಾರಣ ಗಣಕಯಂತ್ರಕ್ಕೂ, ಹಡಗಿನ ನಕ್ಷೆ, ವಿಮಾನದ ರೆಕ್ಕೆ, ಸಮುದ್ರತಳದ ಭೂಪಟ ಮೊದಲಾದವುಗಳನ್ನು ರಚಿಸುವ ಯಂತ್ರಕ್ಕೂ ಒಂದು ಕಾಲದಲ್ಲಿ ಬಹಳ ಅಂತರವಿತ್ತು. ಈ ಎರಡನೆಯ ಜಾತಿಯ ಯಂತ್ರಗಳಿಗೆ ವರ್ಕ್‌ಸ್ಟೇಷನ್ ಎಂದು ಹೆಸರು. ಅಮೆರಿಕದಲ್ಲಿ 1982ರಲ್ಲಿ ಸ್ಥಾಪಿತವಾದ ಸನ್ ಮೈಕ್ರೋಸಿಸ್ಟಮ್ಸ್ ಈ ಕ್ಷೇತ್ರದಲ್ಲಿ ಹೆಸರಾದ ಸಂಸ್ಥೆ. ಸಿಲಿಕಾನ್ ಗ್ರಾಫಿಕ್ಸ್, ಹ್ಯೂಲೆಟ್ ಪ್ಯಾಕಾರ್ಡ್ ಮತ್ತು ಐಬಿಎಂ ಸಂಸ್ಥೆಗಳೂ ಇಂಥ ಯಂತ್ರಗಳನ್ನು ತಯಾರಿಸಿದವು. ಸನ್ ಸಂಸ್ಥೆಯ ಅಲ್ಟ್ರಾಸ್ಪಾರ್ಕ್ ಎಂಬ ಸಂಸ್ಕಾರಕವನ್ನು ಬಳಸಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯು 1998ರಲ್ಲಿ ಪರಮ್ 10000 ಎಂಬ ಮಹಾಗಣಕವನ್ನು ಕಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1990ರಲ್ಲಿ ಮಹಾಗಣಕ ಶಿಕ್ಷಣ ಮತ್ತು ಸಂಶೋಧನೆಗಾಗಿಯೇ ಪ್ರತ್ಯೇಕ ಕೇಂದ್ರವು ಆರಂಭವಾಯಿತು. ನಮ್ಮ ನೆರೆಯ ಗೋವಾ ಶಿಪ್‌ಯಾರ್ಡಿನಲ್ಲಿ ನಡೆಯುವ ಹಡಗಿನ ವಿನ್ಯಾಸ, ನಮ್ಮ ಸಡಾ ಗುಡ್ಡದ ಮೇಲೆಯೇ ಇರುವ ರಾಷ್ಟ್ರೀಯ ಧ್ರುವೀಯ ಮತ್ತು ಸಾಗರ ಸಂಶೋಧನಾ ಕೇಂದ್ರದಲ್ಲಿ ನಡೆಯುವ ಸಾಗರದ ಅಧ್ಯಯನ, ಇಂಥ ಕೆಲಸಗಳಿಗೆ ಸೂಕ್ಷ್ಮವಾದ ಪರದೆ ಏಕೆ ಬೇಕೆಂಬುದನ್ನು ನಮ್ಮ ಮಕ್ಕಳು ಸುಲಭವಾಗಿ ಊಹಿಸಬಲ್ಲರು.

ವರ್ಕ್‌ಸ್ಟೇಷನ್ ಪರದೆಯಲ್ಲಿ ಹತ್ತು ಲಕ್ಷ ಚುಕ್ಕೆಗಳಿರಬೇಕೆಂಬುದು ಆ ಯಂತ್ರಗಳನ್ನು ಕಲ್ಪಿಸಿದವರ ಗುರಿಯಾಗಿತ್ತು. ಸನ್ ಯಂತ್ರಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಪರದೆಯಲ್ಲಿ ಅಡ್ಡಕ್ಕೆ 1152, ಉದ್ದಕ್ಕೆ 900 ಚುಕ್ಕೆಗಳು. ಗುಣಿಸಿದರೆ 10,36,800. ಐಬಿಎಂ ಸಂಸ್ಥೆಯು 1987ರಲ್ಲಿ ಸಾಧಾರಣ ಗಣಕಯಂತ್ರಗಳಿಗಾಗಿ ತಂದ ವಿಜಿಎ ಪದ್ಧತಿಯಲ್ಲಿ ಅಡ್ಡಕ್ಕೆ 640, ಉದ್ದಕ್ಕೆ 480, ಗುಣಿಸಿದರೆ 3,07,200. ಎಂದರೆ ಮೂರು ಪಟ್ಟಿಗೂ ಮಿಕ್ಕಿದ ವ್ಯತ್ಯಾಸ. ಒತ್ತಕ್ಷರ ಮಸಕಾಗುವುದೂ ಸ್ಪಷ್ಟವಾಗುವುದೂ ಈ ಲೆಕ್ಕದಲ್ಲಿಯೇ ಅಡಗಿದೆ.

ಪರದೆ ಬರೆಯುವ ಬಗೆ

ಹಳೆಯ ಮಾನಿಟರಿನ ಮುಖ್ಯ ಅಂಗವೆಂದರೆ ಗಾಜಿನ ಪಿಕ್ಚರ್ ಟ್ಯೂಬು. ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್ ಎಂಬ ವಿಜ್ಞಾನಿಯು 1897ರಲ್ಲಿ ರಚಿಸಿದ ಉಪಕರಣವೇ ಇದರ ಮೂಲ. ಟ್ಯೂಬಿನ ಹಿಂಬದಿಯಿಂದ ಹೊರಟ ಇಲೆಕ್ಟ್ರಾನುಗಳ ಕಿರಣವು ಮುಂಬದಿಯ ಗಾಜಿಗೆ ಬಡಿದಾಗ ಅಲ್ಲಿ ಸವರಿದ ರಾಸಾಯನಿಕವು ಬೆಳಗುತ್ತದೆ. ಕಿರಣವು ಎಡದಿಂದ ಬಲಕ್ಕೆ ಒಂದು ಸಾಲನ್ನು ಎಳೆದು, ಕತ್ತಲೆಯಲ್ಲಿ ಎಡಕ್ಕೆ ಮರಳಿ, ಅದರ ಕೆಳಗಿನ ಸಾಲನ್ನು ಎಳೆಯುತ್ತದೆ. ಕೊನೆಯ ಸಾಲು ಮುಗಿದೊಡನೆ ಮೇಲಕ್ಕೆ ಹೋಗಿ ಮತ್ತೆ ಮೊದಲಿನಿಂದ ಆರಂಭಿಸುತ್ತದೆ.

ಇದನ್ನು ಉಕ್ತಲೇಖನಕ್ಕೆ ಹೋಲಿಸಬಹುದು. ಗಣಕಯಂತ್ರವು ಹೇಳುವ ಗುರು, ಪರದೆಯು ಪಾಟಿ ಹಿಡಿದು ಬರೆಯುವ ಶಿಷ್ಯ. ಗುರುವು ಶಬ್ದಗಳನ್ನು ಹೇಳುವುದಲ್ಲದೆ, ನಡುನಡುವೆ "ಮುಂದಿನ ಸಾಲು" ಎಂದೂ, ಪಾಟಿ ತುಂಬಿದಾಗ "ಮೊದಲಿನಿಂದ ಬರೆಯಿರಿ" ಎಂದೂ ಕೂಗಿ ಹೇಳಬೇಕು. ಈ ಕೂಗುಗಳಿಗೆ ಸಿಂಕ್ ಸಂಕೇತಗಳೆಂದು ಹೆಸರು. ಸಾಲಿನ ಕೂಗು ಅಡ್ಡ ಸಿಂಕ್. ಪಾಟಿಯ ಕೂಗು ಲಂಬ ಸಿಂಕ್. ಕೂಗು ಕೇಳಿಸದಿದ್ದರೆ ಸಾಲುಗಳು ಓರೆಯಾಗುತ್ತವೆ. ಗುರುವಿನ ವೇಗ ಶಿಷ್ಯನಿಗೆ ಒಗ್ಗದಿದ್ದರೆ ಬರಹವೇ ಕೆಡುತ್ತದೆ.

ಆದುದರಿಂದ ಯಾವ ಪರದೆಯನ್ನೇ ಆಗಲಿ ಯಾವ ಯಂತ್ರಕ್ಕೇ ಆಗಲಿ ಜೋಡಿಸುವ ಮೊದಲು ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು: ಬಣ್ಣದ ಸಂಕೇತಗಳು ಹೊಂದುತ್ತವೆಯೆ? ಸಿಂಕಿನ ಕೂಗು ಯಾವ ರೀತಿಯದು? ವೇಗ ಎಷ್ಟು? ನಾವು ಈ ಮೂರನ್ನೂ ಬಿಟ್ಟು, ಕನೆಕ್ಟರ್ ಕುಳಿತುಕೊಳ್ಳುತ್ತದೆಯೆ ಎಂಬ ನಾಲ್ಕನೆಯ ಪ್ರಶ್ನೆಯನ್ನು ಮಾತ್ರ ಕೇಳಿದ್ದೆವು.

ಮೊದಲನೆಯ ಪ್ರಶ್ನೆ: ಬಣ್ಣ

ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣಗಳಿಗೆ ಮೂರು ಪ್ರತ್ಯೇಕ ತಂತಿಗಳು. ವೋಲ್ಟೇಜು ಸೊನ್ನೆಯಾಗಿದ್ದರೆ ಕತ್ತಲೆ, 0.7 ವೋಲ್ಟ್ ಆಗಿದ್ದರೆ ಪೂರ್ಣ ಬೆಳಕು. ಈ ವಿಷಯದಲ್ಲಿ ಸಾಧಾರಣ ಯಂತ್ರದ ವಿಜಿಎ ಪದ್ಧತಿಗೂ ವರ್ಕ್‌ಸ್ಟೇಷನ್ ಪದ್ಧತಿಗೂ ಭೇದವಿಲ್ಲ. ಎರಡರಲ್ಲಿಯೂ ತಂತಿಯು 75 ಓಮ್ ಗುಣದ ಕೋಆಕ್ಸಿಯಲ್ ಜಾತಿಯದಾಗಿರಬೇಕು. ಟೆಲಿವಿಷನ್ನಿನ ಕೇಬಲ್ಲಿನಂತೆ ನಡುವೆ ಒಂದು ಎಳೆ, ಸುತ್ತಲೂ ಜಾಲರಿ. ಸಾಧಾರಣ ತಂತಿಯನ್ನು ಹಾಕಿದರೆ ಖಾಲಿ ಕೋಣೆಯಲ್ಲಿ ಮಾತು ಮರುದನಿಗೊಡುವಂತೆ ಸಂಕೇತವು ಹಿಂದಕ್ಕೆ ಬಡಿದು, ಪ್ರತಿಯೊಂದು ಅಕ್ಷರದ ಮಗ್ಗುಲಲ್ಲಿ ಅದರ ನೆರಳು ಕಾಣಿಸಿಕೊಳ್ಳುತ್ತದೆ.

ವಿಜಿಎ ಕನೆಕ್ಟರಿನ 1, 2, 3ನೆಯ ಪಿನ್ನುಗಳು ಕ್ರಮವಾಗಿ ಕೆಂಪು, ಹಸಿರು, ನೀಲಿ. ಅವುಗಳ ಜಾಲರಿಗೆ 6, 7, 8ನೆಯವು. ವರ್ಕ್‌ಸ್ಟೇಷನ್ನಿನ ಅಗಲವಾದ ಕನೆಕ್ಟರಿಗೆ 13ಡಬ್ಲ್ಯು3 ಎಂದು ಹೆಸರು. ಅದರ ಮೂರು ದಪ್ಪ ಕಣ್ಣುಗಳೇ ಮೂರು ಬಣ್ಣಗಳು. ಕೆಲವು ಮಾನಿಟರುಗಳಲ್ಲಿ ಇದರ ಬದಲು ಬಿಎನ್‌ಸಿ ಎಂಬ ಮೂರು, ನಾಲ್ಕು ಅಥವಾ ಐದು ದುಂಡು ಸಾಕೆಟ್ಟುಗಳಿರುತ್ತವೆ.

ಎರಡನೆಯ ಪ್ರಶ್ನೆ: ಸಿಂಕ್

ಭೇದವು ಆರಂಭವಾಗುವುದು ಇಲ್ಲಿ. ಸಾಧಾರಣ ಗಣಕಯಂತ್ರವು ಎರಡು ಕೂಗುಗಳನ್ನು ಎರಡು ಪ್ರತ್ಯೇಕ ತಂತಿಗಳಲ್ಲಿ ಕಳುಹಿಸುತ್ತದೆ: ವಿಜಿಎಯ 13ನೆಯ ಪಿನ್ನಿನಲ್ಲಿ ಅಡ್ಡ ಸಿಂಕ್, 14ನೆಯದರಲ್ಲಿ ಲಂಬ ಸಿಂಕ್. ವರ್ಕ್‌ಸ್ಟೇಷನ್ ಮಾನಿಟರುಗಳಲ್ಲಿ ಅನೇಕವು ಎರಡನ್ನೂ ಒಂದೇ ತಂತಿಯಲ್ಲಿ ಬೆರೆಸಿ ಕೇಳಲು ಬಯಸುತ್ತವೆ. ಇದಕ್ಕೆ ಸಂಯುಕ್ತ ಸಿಂಕ್ ಎನ್ನೋಣ. ಇನ್ನು ಕೆಲವಕ್ಕೆ ಪ್ರತ್ಯೇಕ ತಂತಿಯೇ ಬೇಡ. ಹಸಿರು ಬಣ್ಣದ ತಂತಿಯಲ್ಲಿಯೇ ಸೊನ್ನೆಗಿಂತ 0.3 ವೋಲ್ಟ್ ಕೆಳಗೆ ಇಳಿದು ಕೂಗು ಬರಬೇಕು. ಮೂರೇ ಬಿಎನ್‌ಸಿ ಸಾಕೆಟ್ಟುಗಳಿರುವ ಮಾನಿಟರು ಈ ಜಾತಿಯದೆಂದು ತಿಳಿಯಬಹುದು. ಕೆಲವು ಗ್ರಾಫಿಕ್ಸ್ ಕಾರ್ಡುಗಳು ಹೀಗೆ ಬೆರೆಸಿ ಕಳುಹಿಸಬಲ್ಲವು; ಉಳಿದವುಗಳಿಗೆ ಹೊರಗಿನಿಂದ ಒಂದು ಸಣ್ಣ ಮಂಡಲವನ್ನು ಜೋಡಿಸಬೇಕಾಗುತ್ತದೆ.

ಇಲ್ಲಿ ಇನ್ನೊಂದು ಮೋಸವಿದೆ. 13ಡಬ್ಲ್ಯು3 ಕನೆಕ್ಟರಿನ ಆಕಾರ ಎಲ್ಲ ತಯಾರಕರಲ್ಲಿಯೂ ಒಂದೇ. ಸಣ್ಣ ಪಿನ್ನುಗಳ ಅರ್ಥ ಮಾತ್ರ ಬೇರೆ ಬೇರೆ. ಸನ್ ಪದ್ಧತಿಯಲ್ಲಿ 5ನೆಯ ಪಿನ್ನು ಸಂಯುಕ್ತ ಸಿಂಕಿಗೆ. ಸಿಲಿಕಾನ್ ಗ್ರಾಫಿಕ್ಸ್ ಪದ್ಧತಿಯಲ್ಲಿ ಸಂಯುಕ್ತ ಸಿಂಕ್ ಇರುವುದು 3ನೆಯದರಲ್ಲಿ. 5ನೆಯದು ಲಂಬ ಸಿಂಕಿಗೆ. ಒಂದರ ಕೇಬಲ್ಲು ಇನ್ನೊಂದಕ್ಕೆ ಸಲೀಸಾಗಿ ಕುಳಿತುಕೊಳ್ಳುತ್ತದೆ, ಆದರೆ ಚಿತ್ರ ಬಾರದು. ಅಂಗಡಿಯವನು "ಇದು 13ಡಬ್ಲ್ಯು3 ಅಡಾಪ್ಟರು" ಎಂದಷ್ಟೇ ಹೇಳಿದರೆ ಅದು ಅರ್ಧ ಮಾತು. ಯಾವ ತಯಾರಕರ ಪದ್ಧತಿಗೆ ಎಂದು ಕೇಳಬೇಕು. ಮಲ್ಟಿಮೀಟರಿನಿಂದ ಒಂದೊಂದು ಪಿನ್ನಿನ ದಾರಿಯನ್ನೂ ಪರೀಕ್ಷಿಸಿ ಕಾಗದದ ಮೇಲೆ ಬರೆದುಕೊಳ್ಳಬೇಕು.

ಮೂರನೆಯ ಪ್ರಶ್ನೆ: ವೇಗ

ಮೂರು ಪ್ರಶ್ನೆಗಳಲ್ಲಿ ಇದೇ ಪ್ರಾಣಾಂತಿಕವಾದದ್ದು. ಮೊದಲ ಎರಡರಲ್ಲಿ ತಪ್ಪಿದರೆ ಚಿತ್ರ ಬಾರದೆ ಹೋಗುತ್ತದೆ, ಅಷ್ಟೆ. ಮೂರನೆಯದರಲ್ಲಿ ತಪ್ಪಿದರೆ ಮಾನಿಟರೇ ಹೋಗುತ್ತದೆ.

ಒಂದು ಸೆಕೆಂಡಿಗೆ ಎಷ್ಟು ಸಾಲುಗಳನ್ನು ಎಳೆಯಬೇಕು ಎಂಬುದೇ ಪರದೆಯ ವೇಗ. ವಿಜಿಎ ಪದ್ಧತಿಯಲ್ಲಿ ಕಾಣುವ 480 ಸಾಲುಗಳಲ್ಲದೆ, ಕಿರಣವು ಮೇಲಕ್ಕೆ ಮರಳುವ ಹೊತ್ತಿನ ಕಾಣದ ಸಾಲುಗಳೂ ಸೇರಿ ಒಟ್ಟು 525 ಸಾಲುಗಳಿವೆ. ಸೆಕೆಂಡಿಗೆ ಸುಮಾರು 60 ಚಿತ್ರಗಳು. 525 × 60 = 31,500. ಇದನ್ನು 31.5 ಕಿಲೋಹರ್ಟ್ಸ್ ಎನ್ನುತ್ತಾರೆ. ಯಾವ ಸಾಧಾರಣ ಗಣಕಯಂತ್ರವೂ ಆಗಿನ ಕಾಲದಲ್ಲಿ ಗುಂಡಿ ಒತ್ತಿದೊಡನೆ ಈ ವೇಗದ ಆಸುಪಾಸಿನಲ್ಲಿಯೇ ಮಾತನಾಡಲು ಆರಂಭಿಸುತ್ತಿತ್ತು.

ಸನ್ ಪದ್ಧತಿಯ 1152 × 900 ಪರದೆಯಲ್ಲಿ ಒಟ್ಟು 937 ಸಾಲುಗಳು, ಸೆಕೆಂಡಿಗೆ ಸುಮಾರು 66 ಚಿತ್ರಗಳು. 937 × 66 = 61,842; ಎಂದರೆ ಸುಮಾರು 61.8 ಕಿಲೋಹರ್ಟ್ಸ್. ವಿಜಿಎಯ ವೇಗಕ್ಕಿಂತ ಇದು ಬಹುತೇಕ ಇಮ್ಮಡಿ. ಮನೆಬಳಕೆಯ ಮಾನಿಟರುಗಳು ಕಾಲಕ್ರಮದಲ್ಲಿ ಹಲವು ವೇಗಗಳಿಗೆ ಹೊಂದಿಕೊಳ್ಳಲು ಕಲಿತವು. ಹಳೆಯ ವರ್ಕ್‌ಸ್ಟೇಷನ್ ಮಾನಿಟರುಗಳಲ್ಲಿ ಅನೇಕವು ಏಕವೇಗದವು. ತಮ್ಮ ಯಂತ್ರದ ಒಂದು ವೇಗವನ್ನುಳಿದು ಬೇರೊಂದನ್ನು ಅರಿಯವು.

ಹಾಗಾದರೆ ನಿಧಾನವಾಗಿ ಹೇಳಿದರೆ ಶಿಷ್ಯನಿಗೇನು ಕಷ್ಟ ಎಂದು ಕೇಳಬಹುದು. ನಾವೂ ಹಾಗೆಯೇ ಯೋಚಿಸಿದ್ದೆವು. ಟ್ಯೂಬಿನ ಕುತ್ತಿಗೆಯ ಸುತ್ತ ತಾಮ್ರದ ಸುರುಳಿ ಇದೆ. ಕಿರಣವನ್ನು ಎಡದಿಂದ ಬಲಕ್ಕೆ ಸರಿಸುವುದು ಅದರಲ್ಲಿ ಹರಿಯುವ ವಿದ್ಯುತ್ತು. ಸುರುಳಿಗೆ ವೋಲ್ಟೇಜನ್ನು ಕೊಟ್ಟಾಗ ವಿದ್ಯುತ್ತು ತಟ್ಟನೆ ಏರದೆ, ಹೊತ್ತು ಕಳೆದಂತೆ ಒಂದೇ ಸಮನೆ ಏರುತ್ತ ಹೋಗುತ್ತದೆ. 61.8 ಕಿಲೋಹರ್ಟ್ಸ್ ವೇಗದಲ್ಲಿ ಒಂದು ಸಾಲಿನ ಅವಧಿ ಸುಮಾರು 16 ಮೈಕ್ರೋಸೆಕೆಂಡು. 31.5 ಕಿಲೋಹರ್ಟ್ಸ್ ವೇಗದಲ್ಲಿ ಅದು ಸುಮಾರು 32 ಮೈಕ್ರೋಸೆಕೆಂಡು. ಅವಧಿ ಇಮ್ಮಡಿಯಾದರೆ ವಿದ್ಯುತ್ತೂ ಇಮ್ಮಡಿಯಾಗುತ್ತದೆ. ಸುರುಳಿಯಲ್ಲಿ ಸೇರುವ ಶಕ್ತಿಯು ವಿದ್ಯುತ್ತಿನ ವರ್ಗವನ್ನು ಅನುಸರಿಸುವುದರಿಂದ ನಾಲ್ಮಡಿಯಾಗುತ್ತದೆ. ಆ ಶಕ್ತಿಯನ್ನು ಸಾಲಿಗೊಮ್ಮೆ ತಡೆಯಬೇಕಾದ ಟ್ರಾನ್ಸಿಸ್ಟರು ಅಷ್ಟು ಭಾರಕ್ಕಾಗಿ ಮಾಡಿದ್ದಲ್ಲ. ರಕ್ಷಣೆಯ ಏರ್ಪಾಡಿರುವ ಮಾನಿಟರು ತಾನಾಗಿಯೇ ಆರಿಹೋಗುತ್ತದೆ; ಅದಿಲ್ಲದ್ದು ಸುಡುತ್ತದೆ. ನಮಗೆ ಕೇಳಿಸಿದ ಸಿಳ್ಳೆಯೂ 'ಟಪ್' ಸಪ್ಪಳವೂ ಇದೇ.

ಎರಡನೆಯ ಮಾನಿಟರನ್ನು ಜೋಡಿಸಿದ ಕ್ರಮ

ಬಾರ್ಜಿನ ಆ ಪಾಲಕರು ತೋರಿಸಿದ ಪಟ್ಟಿಯಿಂದ ಮಾದರಿಯ ಸಂಖ್ಯೆಯನ್ನು ಬರೆದುಕೊಂಡು, ವಾಸ್ಕೋದ ಸೈಬರ್ ಕೆಫೆಯೊಂದರಲ್ಲಿ ಕುಳಿತು ಅದರ ವಿವರವನ್ನು ಹುಡುಕಿದೆವು. ಮಾನಿಟರು ಸನ್ ಪದ್ಧತಿಯದು, 1152 × 900, 61.8 ಕಿಲೋಹರ್ಟ್ಸ್, ಸಂಯುಕ್ತ ಸಿಂಕ್. ಬೇಕಾದ ಮೂರೂ ಉತ್ತರಗಳು ದೊರೆತವು. ಮುಂದಿನ ಕೆಲಸವನ್ನು ಹೀಗೆ ಮಾಡಿದೆವು.

ಒಂದು. ಮೂರು ಬಣ್ಣಗಳಿಗೆ ಮೂರು ತೆಳುವಾದ ಕೋಆಕ್ಸಿಯಲ್ ತಂತಿಗಳನ್ನು ಬೆಸೆದೆವು. ಬೆಸುಗೆಯನ್ನು ಹಾಕಿದವರು ಆ ಪಾಲಕರೇ; ಕಡ್ಡಿ ಹಿಡಿದು ಕಲಿತವನು ಅವರ ಮಗ.

ಎರಡು. ಎರಡು ಸಿಂಕುಗಳನ್ನು ಒಂದಾಗಿಸಲು 7486 ಎಂಬ ಒಂದು ಐಸಿಯನ್ನು ಬಳಸಿದೆವು. ಇದರ ದ್ವಾರಗಳಿಗೆ ಎಕ್ಸ್‌ಕ್ಲೂಸಿವ್ ಆರ್ ಎಂದು ಹೆಸರು: ಒಳಬರುವ ಎರಡು ಸಂಕೇತಗಳು ಬೇರೆ ಬೇರೆ ಇದ್ದರೆ 1, ಒಂದೇ ಆಗಿದ್ದರೆ 0. ಅಡ್ಡ ಸಿಂಕನ್ನು 1ನೆಯ ಕಾಲಿಗೂ ಲಂಬ ಸಿಂಕನ್ನು 2ನೆಯ ಕಾಲಿಗೂ ಕೊಟ್ಟರೆ 3ನೆಯ ಕಾಲಿನಲ್ಲಿ ಸಂಯುಕ್ತ ಸಿಂಕ್ ದೊರೆಯುತ್ತದೆ. 7ನೆಯ ಕಾಲು ಭೂಮಿಗೆ, 14ನೆಯದು 5 ವೋಲ್ಟಿಗೆ. ಈ 5 ವೋಲ್ಟನ್ನು ಗಣಕಯಂತ್ರದ ಒಳಗಿನ ಪವರ್ ಸಪ್ಲೈಯ ಕೆಂಪು ತಂತಿಯಿಂದ ಪಡೆದೆವು. ಹಳದಿ ತಂತಿಯಲ್ಲಿರುವುದು 12 ವೋಲ್ಟ್, ಅದನ್ನು ಮುಟ್ಟಕೂಡದು. ಗೋಡೆಯ ಮೇಲಿನ ಸಾಬೂನು ಪೆಟ್ಟಿಗೆಯೊಳಗೆ ಇರುವುದು ಈ ಐಸಿ.

ಮೂರು. ನಮ್ಮ ಯಂತ್ರದಲ್ಲಿ ಲಿನಕ್ಸ್ ವ್ಯವಸ್ಥೆ ಇತ್ತು. ಅದರಲ್ಲಿ ಮೋಡ್‌ಲೈನ್ ಎಂಬ ಒಂದು ಸಾಲನ್ನು ಬರೆದು ಪರದೆಯ ವೇಗವನ್ನು ನಾವೇ ಗೊತ್ತುಪಡಿಸಬಹುದು. ಒಂದು ಸಾಲಿನಲ್ಲಿ ಕಾಣುವ ಚುಕ್ಕೆಗಳು 1152, ಕಾಣದವೂ ಸೇರಿ 1504. ಚುಕ್ಕೆಗಳ ವೇಗ ಸೆಕೆಂಡಿಗೆ 9,29,40,000, ಎಂದರೆ 92.94 ಮೆಗಾಹರ್ಟ್ಸ್. ಇದನ್ನು 1504ರಿಂದ ಭಾಗಿಸಿದರೆ ಸುಮಾರು 61,795 ಸಾಲುಗಳು. ಅದನ್ನು 937ರಿಂದ ಭಾಗಿಸಿದರೆ ಸುಮಾರು 65.95 ಚಿತ್ರಗಳು. ಕರಿಹಲಗೆಯ ಮೇಲೆ ಮಕ್ಕಳೇ ಈ ಲೆಕ್ಕವನ್ನು ಮೂರು ಸಲ ಮಾಡಿ ತಾಳೆ ನೋಡಿದರು. ಅಡ್ಡ ಸಿಂಕನ್ನು ಋಣವಾಗಿಯೂ ಲಂಬ ಸಿಂಕನ್ನು ಧನವಾಗಿಯೂ ಇಟ್ಟರೆ 7486ರಿಂದ ಹೊರಬರುವ ಸಂಯುಕ್ತ ಸಿಂಕ್ ಋಣವಾಗಿರುತ್ತದೆ. ಮಾನಿಟರಿಗೆ ಬೇಕಾದದ್ದು ಅದೇ.

ನಾಲ್ಕು. ಯಂತ್ರವು ಆರಂಭದಲ್ಲಿ 31.5 ಕಿಲೋಹರ್ಟ್ಸ್‌ನಲ್ಲಿ ಮಾತನಾಡುವ ಕಾಲವನ್ನು ದಾಟಿಸಬೇಕಾಗಿತ್ತು. ಅದಕ್ಕೆ ಹಳೆಯ ಹದಿನಾಲ್ಕು ಅಂಗುಲದ ಪರದೆಯನ್ನೇ ಜೋಡಿಸಿ ಯಂತ್ರವನ್ನು ಚಾಲೂ ಮಾಡುತ್ತಿದ್ದೆವು. ಲಿನಕ್ಸ್ ಎದ್ದು ನಮ್ಮ ಮೋಡ್‌ಲೈನಿಗೆ ಬಂದಾಗ ಆ ಚಿಕ್ಕ ಪರದೆಯು ವೇಗವು ತನ್ನ ಮಿತಿಯನ್ನು ಮೀರಿತೆಂಬ ಸೂಚನೆಯನ್ನು ತೋರಿಸುತ್ತಿತ್ತು. ಅದೇ ನಮಗೆ ಗುರುತು. ಆಗ ಕೇಬಲ್ಲನ್ನು ದೊಡ್ಡ ಮಾನಿಟರಿಗೆ ಬದಲಿಸಿ, ಆಮೇಲೆ ಅದರ ಗುಂಡಿಯನ್ನು ಒತ್ತುವುದು. ಕೆಲಸ ಮುಗಿದ ಮೇಲೆ ಮೊದಲು ದೊಡ್ಡ ಮಾನಿಟರನ್ನು ಆರಿಸಿ, ಅನಂತರ ಯಂತ್ರವನ್ನು ನಿಲ್ಲಿಸುವುದು. ಈ ಕ್ರಮವನ್ನು ದಪ್ಪ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆವು.

ಗುಂಡಿ ಒತ್ತುವ ದಿನ ಸಂಘದ ಕೋಶಾಧ್ಯಕ್ಷರನ್ನೂ ಕರೆದಿದ್ದೆವು. ಹಣ ಅವರ ಕೈಯಿಂದ ಹೋದದ್ದಾದುದರಿಂದ ಮೊದಲನೆಯ ಮಾನಿಟರಿನ ಸಾವನ್ನು ಅವರೆದುರಿಗೆ ಒಪ್ಪಿಕೊಂಡಿದ್ದೆವು. ಈ ಸಲ ಸಿಳ್ಳೆ ಕೇಳಿಸಲಿಲ್ಲ. ಕೆಲವು ಕ್ಷಣಗಳಲ್ಲಿ ಪರದೆ ಮೆಲ್ಲನೆ ಬೆಳಗಿ ಚಿತ್ರ ನಿಂತಿತು. ಹುಡುಗನು ಕನ್ನಡದ ಕಾಗುಣಿತವನ್ನು ದೊಡ್ಡದಾಗಿ ಟೈಪು ಮಾಡಿದನು. ಹಿಂದಿನ ಬೆಂಚಿನಿಂದ ಒಬ್ಬ ಬಾಲಕಿಯು ಎದ್ದು ನಿಲ್ಲದೆ, ಕುಳಿತಲ್ಲಿಂದಲೇ, ಒಂದೊಂದು ಒತ್ತಕ್ಷರವನ್ನೂ ಬಿಡದೆ ಓದಿದಳು. ಕೋಶಾಧ್ಯಕ್ಷರು ಲೆಕ್ಕದ ಪುಸ್ತಕದಲ್ಲಿ ಒಂಬತ್ತು ನೂರನ್ನೂ ಖರ್ಚಿಗೆ ಬರೆದುಕೊಂಡರು.

ಆ ಮಾನಿಟರು 2017ರ ಮಳೆಗಾಲದವರೆಗೆ ದುಡಿಯಿತು. ಸಮುದ್ರದ ಉಪ್ಪುಗಾಳಿಯು ಸಡಾದಲ್ಲಿ ಯಾವ ಲೋಹವನ್ನೂ ಬಿಡುವುದಿಲ್ಲ. ಪಿನ್ನುಗಳನ್ನು ವರ್ಷಕ್ಕೆರಡು ಸಲ ಒರೆಸುತ್ತಿದ್ದರೂ ಕಡೆಗೆ ಟ್ಯೂಬು ಮಂಕಾಗಿ ಅದನ್ನು ಇ-ತ್ಯಾಜ್ಯ ಸಂಗ್ರಹಕ್ಕೆ ಒಪ್ಪಿಸಿದೆವು. ಬೆಸುಗೆ ಕಲಿತ ಹುಡುಗನು 2012ರಲ್ಲಿ ಹತ್ತನೆಯ ಇಯತ್ತೆಯನ್ನು ಮುಗಿಸಿದನು. ಅದೇ ವರ್ಷ ಗೋವೆಯಲ್ಲಿ ಗಣಿಗಾರಿಕೆಯು ನಿಂತು ಬಾರ್ಜುಗಳು ದಡಕ್ಕೆ ಕಟ್ಟಿಕೊಂಡವು. ಆ ಕುಟುಂಬವು ಗದಗಿನ ಕಡೆಯ ತಮ್ಮ ಊರಿಗೆ ಮರಳಿತು. ಹೊರಡುವಾಗ ಹುಡುಗನು ಕೇಳಿದ್ದು ಕೇಬಲ್ಲಿನ ನಕ್ಷೆಯ ಒಂದು ಪ್ರತಿಯನ್ನು. ಬರೆದುಕೊಟ್ಟೆವು.

ಎಚ್ಚರಿಕೆಯ ಮಾತುಗಳು

ಪಿಕ್ಚರ್ ಟ್ಯೂಬಿನ ಮಾನಿಟರಿನ ಬೆನ್ನನ್ನು ವಿದ್ಯಾರ್ಥಿಗಳು ಎಂದಿಗೂ ಬಿಚ್ಚಕೂಡದು. ದೊಡ್ಡ ಬಣ್ಣದ ಟ್ಯೂಬಿಗೆ ಸುಮಾರು 25,000 ವೋಲ್ಟ್ ಕೊಟ್ಟಿರುತ್ತಾರೆ. ಪ್ಲಗ್ಗನ್ನು ಕಿತ್ತ ಮೇಲೆಯೂ ಅದು ಬಹಳ ಹೊತ್ತು ಉಳಿಯಬಲ್ಲುದು. ನಾವು ಮಾಡಿದ ಕೆಲಸವೆಲ್ಲ ಮಾನಿಟರಿನ ಹೊರಗಿನ ಕೇಬಲ್ಲಿನಲ್ಲಿ ನಡೆಯಿತು. ಟ್ಯೂಬಿನೊಳಗೆ ಗಾಳಿ ಇಲ್ಲದ್ದರಿಂದ ಒಡೆದರೆ ಗಾಜು ಸಿಡಿಯುತ್ತದೆ. ಆ ಗಾಜಿನಲ್ಲಿ ಸೀಸವಿದೆ. ಕೆಟ್ಟ ಮಾನಿಟರನ್ನು ಕಸದ ರಾಶಿಗೆ ಎಸೆಯುವುದೂ ತಾಮ್ರಕ್ಕಾಗಿ ಸುಡುವುದೂ ನೆಲಕ್ಕೂ ನೀರಿಗೂ ಮಾಡುವ ದ್ರೋಹ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಇಂಥ ಸಾಮಾನುಗಳು ನೋಂದಾಯಿತ ಮರುಬಳಕೆದಾರರಿಗೆ ಸೇರತಕ್ಕದ್ದು.

ಈ ಕಾಲದಲ್ಲಿ ಜೋಡಿಸುವವರು ಇನ್ನೊಂದು ಮಾತನ್ನು ತಿಳಿದಿರಬೇಕು. ವಿಜಿಎಯನ್ನು 2015ರ ಹೊತ್ತಿಗೆ ಕೈಬಿಡುವುದಾಗಿ ಇಂಟೆಲ್, ಎಎಂಡಿ ಮೊದಲಾದ ಸಂಸ್ಥೆಗಳು 2010ರ ಡಿಸೆಂಬರಿನಲ್ಲಿ ಸಾರಿದವು. ಇಂದಿನ ಯಂತ್ರಗಳಲ್ಲಿ ಬಹಳಷ್ಟಕ್ಕೆ ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಎಂಬ ಅಂಕೀಯ ದ್ವಾರಗಳು ಮಾತ್ರ ಇರುತ್ತವೆ. ಅವುಗಳಿಂದ ಹಳೆಯ ಮಾನಿಟರಿಗೆ ಬರಲು ಮೊದಲು ವಿಜಿಎ ಪರಿವರ್ತಕ, ಅನಂತರ ನಮ್ಮ ಸಾಬೂನು ಪೆಟ್ಟಿಗೆ ಬೇಕು. ಇಂದಿನ ಮಾನಿಟರು ತನ್ನ ವೇಗಗಳ ಪಟ್ಟಿಯನ್ನು ಯಂತ್ರಕ್ಕೆ ತಾನೇ ತಿಳಿಸುತ್ತದೆ, ಹಳೆಯದು ಮೂಕ. ಅದರ ಪರವಾಗಿ ನಾವೇ ಮಾತನಾಡಬೇಕು.

ಉಪಸಂಹಾರ

ಈಗ ಚಪ್ಪಟೆ ಪರದೆಗಳು ಅಗ್ಗವಾಗಿವೆ, ವಿದ್ಯುತ್ತನ್ನೂ ಕಡಿಮೆ ಉಣ್ಣುತ್ತವೆ. ಹಳೆಯ ಮಾನಿಟರನ್ನು ಹೊತ್ತು ತನ್ನಿರೆಂದು ನಾವು ಯಾರಿಗೂ ಹೇಳುವುದಿಲ್ಲ. ಆದರೆ ಆ ಕೇಬಲ್ಲನ್ನು ಗೋಡೆಯಿಂದ ಇಳಿಸಲು ನಮಗೆ ಮನಸ್ಸಿಲ್ಲ. ಅದಕ್ಕೆ ಕಾರಣವನ್ನು ಹೇಳಿ ಈ ಪಾಠವನ್ನು ಮುಗಿಸುತ್ತೇವೆ.

ನಮ್ಮ ಶಾಲೆಗೆ ವರ್ಷದ ನಡುವೆ ಮಕ್ಕಳು ಬಂದು ಸೇರುತ್ತಾರೆ. ಬಾದಾಮಿಯ ಕಡೆಯಿಂದ, ಕೊಪ್ಪಳದ ಕಡೆಯಿಂದ, ತಂದೆತಾಯಿಗಳು ಕೆಲಸ ಹುಡುಕಿಕೊಂಡು ಬಂದಾಗ ಅವರೊಡನೆ ಬಂದವರು. ಮನೆಯಲ್ಲಿ ಒಂದು ಮಾತು, ಓಣಿಯಲ್ಲಿ ಕೊಂಕಣಿ, ಪೇಟೆಯಲ್ಲಿ ಹಿಂದಿ. ಅಂಥ ಮಗುವನ್ನು ಬೆಂಚಿನ ಮೇಲೆ ಕೂಡಿಸಿ, ಕುಳಿತುಕೊಂಡಿತಲ್ಲ, ಇನ್ನೇನು ಎಂದು ನಮ್ಮ ವೇಗದಲ್ಲಿ ಪಾಠವನ್ನು ಆರಂಭಿಸಿದ ದಿನಗಳು ನಮಗೆ ನೆನಪಿವೆ. ಮಗು ತಡವರಿಸಿದಾಗ "ಸ್ವಲ್ಪ ತಡೆ, ಸರಿಹೋಗುತ್ತದೆ" ಎಂದಿದ್ದೇವೆ. ಮಿತಿ ಮೀರಿತೆಂದು ಹೇಳುವ ಶಕ್ತಿ ಚಿಕ್ಕ ಪರದೆಗಿತ್ತು. ಎಲ್ಲ ಮಕ್ಕಳಿಗೂ ಅದು ಇರುವುದಿಲ್ಲ. ಆ ಸಿಳ್ಳೆಯನ್ನು ಕೇಳಿದ ಮೇಲೆ ಹೊಸ ಮಗು ಬಂದ ದಿನ ನಾವು ಪುಸ್ತಕವನ್ನು ತೆರೆಯುವುದಿಲ್ಲ. ಅದು ಯಾವ ಊರಿನದು, ಎಲ್ಲಿಯವರೆಗೆ ಓದಿದೆ, ಎಷ್ಟು ವೇಗದಲ್ಲಿ ಬರೆಯಬಲ್ಲುದು ಎಂದು ಮೊದಲು ಕೇಳಿ ತಿಳಿದುಕೊಳ್ಳುತ್ತೇವೆ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. 1280 × 1024 ಚುಕ್ಕೆಗಳ ಒಂದು ಪರದೆಯಲ್ಲಿ ಕಾಣದವೂ ಸೇರಿ ಒಟ್ಟು 1066 ಸಾಲುಗಳು, ಸಾಲಿಗೆ 1688 ಚುಕ್ಕೆಗಳು. ಸೆಕೆಂಡಿಗೆ 60 ಚಿತ್ರಗಳಾದರೆ ಸಾಲುಗಳ ವೇಗವೆಷ್ಟು? ಚುಕ್ಕೆಗಳ ವೇಗವೆಷ್ಟು?

2. 64 ಕಿಲೋಹರ್ಟ್ಸ್ ವೇಗದಲ್ಲಿ ಒಂದು ಸಾಲಿನ ಅವಧಿ ಎಷ್ಟು ಮೈಕ್ರೋಸೆಕೆಂಡು?

3. ಕನೆಕ್ಟರ್ ಸರಿಯಾಗಿ ಕುಳಿತರೂ ಚಿತ್ರ ಬಾರದಿರಲು ಎರಡು ಕಾರಣಗಳನ್ನು ಬರೆಯಿರಿ.

4. ಮನೆಯಲ್ಲಿರುವ ಯಾವುದಾದರೂ ಮೂರು ವಿದ್ಯುತ್ ಉಪಕರಣಗಳ ಬೆನ್ನ ಮೇಲಿನ ಪಟ್ಟಿಯನ್ನು ಓದಿ, ಅದರಲ್ಲಿರುವುದನ್ನು ನಕಲು ಮಾಡಿ ತನ್ನಿರಿ.

ಉತ್ತರಗಳು: 1. 63,960, ಎಂದರೆ ಸುಮಾರು 64 ಕಿಲೋಹರ್ಟ್ಸ್. 10,79,64,480, ಎಂದರೆ ಸುಮಾರು 108 ಮೆಗಾಹರ್ಟ್ಸ್. 2. ಸುಮಾರು 15.6. ಮೂರನೆಯದರ ಉತ್ತರವು ಪಾಠದಲ್ಲಿಯೇ ಇದೆ. ನಾಲ್ಕನೆಯದನ್ನು ನಾವು ಸ್ವತಃ ನೋಡುತ್ತೇವೆ.